ಗಾಗಲ್ಸ್ ಕಥೆ ಅರ್ಧಕ್ಕೇ ನಿಲ್ಲಿಸಬೇಡ್ರಪ್ಪಾ

ತಲೆ ಕೆಟ್ಟಿದೆ, ಅದಕ್ಕೇ ಬರೀತಿದೀನಿ. ಉದ್ದ ಆಗುತ್ತೆ ಅಂತ ಮೊದಲೇ ಹೇಳ್ತಿದೀನಿ, ಆಮೇಲೆ ಬಂದು "ಇಷ್ಟುದ್ದ ಯಾರು ಓದ್ತಾರೆ" ಅಂತ ಕಾಮೆಂಟ್ ಹಾಕಬೇಡಿ. ಓದೋರು ಓದ್ತಾರೆ, ಬಿಡೋರು ಬಿಡಿ.

ಇವತ್ತು ಒಂದು ಮೋಟಿವೇಶನ್ ಕಾರ್ಯಕ್ರಮಕ್ಕೆ ಹೋಗಿದ್ದೆ. ಹೋಗಿದ್ದೆ ಅಂದ್ರೆ ಎಳ್ಕೊಂಡು ಹೋದ್ರು, ನಾನಾಗಿ ನಾನು ಅಂಥ ಕಡೆ ಕಾಲಿಡಲ್ಲ ಅಂತ ನಿಮಗೆ ಗೊತ್ತೇ ಇದೆ. ಹಿಂದಿನ ಸಾಲು, ಬಾಗಿಲ ಪಕ್ಕದ ಕುರ್ಚಿ, ಅದು ನನ್ನ ಜಾಗ. ಮುಂದೆಲ್ಲ ಯಾವ್ಯಾವುದೋ ದೊಡ್ಡ ಪರೀಕ್ಷೆಗೆ ಓದ್ತಿರೋ ಮಕ್ಕಳು, ಕೈಯಲ್ಲಿ ನೋಟ್‌ಬುಕ್ಕು. ವೇದಿಕೆ ಮೇಲೆ ಕಿವಿಗೆ ಮೈಕ್ ಸಿಕ್ಕಿಸ್ಕೊಂಡು ಆ ಕಡೆ ಈ ಕಡೆ ಓಡಾಡ್ತಿದ್ದ ಮನುಷ್ಯ ಇದ್ದಕ್ಕಿದ್ದಂಗೆ ನಿಂತು ದನಿ ಇಳಿಸಿದ. "ಮೈಕೆಲ್ ಫೆಲ್ಪ್ಸ್. 2008. ಬೀಜಿಂಗ್. ಗಾಗಲ್ಸ್ ತುಂಬಾ ನೀರು. ಏನೂ ಕಾಣ್ತಿಲ್ಲ. ಆದ್ರೂ ಗೆದ್ದ, ವಿಶ್ವದಾಖಲೆ ಮಾಡಿ ಗೆದ್ದ. ಹೇಗೆ?" ಅಂತ ಕೇಳಿ, ತಾನೇ ಕಿರುಚಿದ, "ಮನಸ್ಸು ಮಾಡಿದ್ದ!" ಚಪ್ಪಾಳೆಯೋ ಚಪ್ಪಾಳೆ. ನನ್ನ ಮುಂದಿನ ಸಾಲಲ್ಲಿದ್ದ ಹುಡುಗಿ ಮನಸ್ಸು ಮಾಡಿದ್ದ ಅಂತ ಬರ್ಕೊಂಡು ಕೆಳಗೆ ಎರಡು ಗೆರೆ ಎಳೆದಳು.

ಆ ಎರಡು ಗೆರೆ ನೋಡಿ ನನಗೆ ಉರಿದು ಹೋಯ್ತು ಕಣ್ರೀ. ಅವಳ ಮೇಲಲ್ಲ. ಆ ಮೈಕಿನ ಮೇಲೆ.

ಯಾಕಂದ್ರೆ ಕಥೆ ನಿಜ, ಹೇಳಿದ್ದು ಅರ್ಧ. ಉಳಿದರ್ಧದಲ್ಲೇ ಆ ಮಗುವಿಗೆ ಬೇಕಾದ್ದೆಲ್ಲ ಇರೋದು, ಅದನ್ನೇ ಕತ್ತರಿಸಿ ಬಿಸಾಕ್ತಾರೆ. ಆವತ್ತು ನಡೆದದ್ದು ಇಷ್ಟು. ಒಲಿಂಪಿಕ್ಸ್ ಈಜಿನ 200 ಮೀಟರ್ ಬಟರ್‌ಫ್ಲೈ ಫೈನಲ್, ಡೈವ್ ಹೊಡೆದ ಹೊತ್ತಿಂದಾನೇ ಗಾಗಲ್ಸ್ ಒಳಗೆ ನೀರು ಬರೋಕೆ ಶುರು, ಒಂದೊಂದು ಲ್ಯಾಪಿಗೂ ಜಾಸ್ತಿ ಆಗ್ತಾ ಬಂದು ಕೊನೇ ಸುತ್ತಲ್ಲಿ ಗೋಡೇನೂ ಕಾಣ್ತಿಲ್ಲ, ಪಕ್ಕದವನೂ ಕಾಣ್ತಿಲ್ಲ. ಕಿತ್ತೆಸೆಯೋಕೂ ಆಗಲ್ಲ, ಮೇಲೆ ಕ್ಯಾಪ್ ಇದೆ. ಆಗ ಅವನು ಮನಸ್ಸು ಗಿನಸ್ಸು ಏನೂ ಮಾಡ್ಲಿಲ್ಲ, ಸ್ಟ್ರೋಕ್ ಎಣಿಸಿದ, ಅಂದ್ರೆ ಎಷ್ಟು ಸಲ ಕೈ ಬೀಸಿದೆ ಅಂತ ಲೆಕ್ಕ ಇಟ್ಟ. ಕೊನೇ 50 ಮೀಟರಿಗೆ ತನಗೆ ಇಪ್ಪತ್ತರ ಆಸುಪಾಸು ಸ್ಟ್ರೋಕ್ ಬೇಕು ಅಂತ ಅವನಿಗೆ ಗೊತ್ತಿತ್ತು, ಎಣಿಸ್ಕೊಂಡು ಬಂದು ಗೋಡೆ ಮುಟ್ಟಿದ. 1 ನಿಮಿಷ 52.03 ಸೆಕೆಂಡ್. ಅದು ವಿಶ್ವದಾಖಲೆ, ಆದ್ರೂ ಆಸಾಮಿಗೆ ಸಮಾಧಾನ ಇಲ್ಲ, ಇನ್ನೂ ಬೇಗ ಬರಬೇಕಿತ್ತು ಅಂತ ಮುಖ ಗಂಟಿಕ್ಕಿಕೊಂಡಿದ್ದ.

ಈಗ ಕೇಳಿ, ಸ್ಟ್ರೋಕ್ ಲೆಕ್ಕ ಹೆಂಗೆ ಗೊತ್ತಿತ್ತು? ವರ್ಷಗಟ್ಟಲೆ ಎಣಿಸಿದ್ದ ಅದಕ್ಕೆ. ಕಣ್ಣು ಕಾಣದಿದ್ದಾಗ ಗಾಬರಿ ಯಾಕಾಗಲಿಲ್ಲ? ಇದಕ್ಕೂ ಉತ್ತರ ಇದೆ, ಅದು ಬಾಬ್ ಬೋಮನ್ ಅಂತ ಅವನ ಕೋಚು. ಆ ಮಹಾನುಭಾವ ಬೀಜಿಂಗಿಗೆ ಎಷ್ಟೋ ಮುಂಚೆ ಬೇರೊಂದು ಸ್ಪರ್ಧೆಯಲ್ಲಿ ಬೇಕಂತಲೇ ಹುಡುಗನ ಗಾಗಲ್ಸ್ ತುಳಿದು ಒಡೆದು, ಹೋಗು ಈಜು ಅಂತ ಬಿಟ್ಟಿದ್ದ. ಅಂದ್ರೆ ಒಲಿಂಪಿಕ್ ಫೈನಲ್‌ನಲ್ಲಿ ಆದದ್ದು ಅವನ ಪಾಲಿಗೆ ಮೊದಲನೇ ಸಲದ್ದಲ್ಲ. ಕೆಡೋದನ್ನ ಮೊದಲೇ ಕೆಡಿಸಿ ನೋಡಿಯಾಗಿತ್ತು. ಇದು ಕಥೆ. "ಮನಸ್ಸು ಮಾಡಿದ್ದ" ಅನ್ನೋದು ಪೋಸ್ಟರು.

ಇದೇ ನನ್ನ ತಕರಾರು, ಇನ್ನು ನೀವು ಎಷ್ಟು ಓದಿದ್ರೂ ಇದನ್ನೇ ತಿರುಗಿಸಿ ತಿರುಗಿಸಿ ಹೇಳ್ತೀನಿ. ಗಟ್ಟಿ ಮನಸ್ಸು ಅನ್ನೋದನ್ನ ಈ ಜನ ಹುಮ್ಮಸ್ಸಿನ ಥರ ಮಾರ್ತಾರೆ. ಸಭಾಂಗಣದಲ್ಲಿ ಉಬ್ಬಿಸಿ ಕಳಿಸ್ತಾರೆ, ಮನೆ ಮುಟ್ಟೋ ಹೊತ್ತಿಗೆ ಇಳಿದಿರುತ್ತೆ, ಇಳಿದಾಗ ಮಗು ಏನಂದ್ಕೊಳ್ಳುತ್ತೆ? ನನ್ನಲ್ಲೇ ಏನೋ ಕಮ್ಮಿ ಇದೆ, ನಾನೇ ಸಾಕಷ್ಟು ಮನಸ್ಸು ಮಾಡ್ತಿಲ್ಲ ಅಂತ. ದುಡ್ಡು ಅವರಿಗೆ, ಪಾಪಪ್ರಜ್ಞೆ ಇವಳಿಗೆ. ಚೆನ್ನಾಗಿದೆ ವ್ಯಾಪಾರ!

ಚಂದ್ರನ ಮೇಲೆ ಇಳಿದದ್ದನ್ನೂ ಹೀಗೇ ಹೇಳ್ತಾರೆ ನೋಡಿ, ಧೈರ್ಯ, ಸಾಹಸ, ಆರ್ಮ್‌ಸ್ಟ್ರಾಂಗ್ ಎದೆಗಾರಿಕೆ. ಇತ್ತು, ಇಲ್ಲ ಅಂದೋರ್ಯಾರು. ಆದ್ರೆ ನನಗೆ ಆ ಇಡೀ ಅಪೋಲೊ 11ರಲ್ಲಿ ಬಹಳ ಇಷ್ಟ ಆಗೋದು ಒಂದು ಕೈಬರಹದ ಪಟ್ಟಿ. ಉಡಾವಣೆಗೆ ಕೆಲವೇ ದಿನ ಇರುವಾಗ ಸಿಮ್ಯುಲೇಶನ್ ನಡೀತಿತ್ತು, ಅಂದ್ರೆ ಸುಳ್ಳುಸುಳ್ಳೇ ಇಳಿಯೋ ಅಭ್ಯಾಸ. ಅಭ್ಯಾಸ ಮಾಡಿಸೋ ತಂಡದವರು ಬೇಕಂತಲೇ ಯಾರೂ ಕಂಡು ಕೇಳಿರದ ಒಂದು ಕಂಪ್ಯೂಟರ್ ಅಲಾರಂ ಹೊಡೆಸಿದ್ರು. ಕಂಟ್ರೋಲ್ ರೂಮಲ್ಲಿ ನೌಕೆಯ ದಾರಿ ನೋಡ್ಕೊಳ್ಳೋ ಗೈಡೆನ್ಸ್ ಆಫೀಸರ್ ಸ್ಟೀವ್ ಬೇಲ್ಸ್, 26 ವರ್ಷದ ಹುಡುಗ, ಅದೇನು ಅಂತ ತಿಳೀದೆ ಇಳಿಯೋದನ್ನೇ ರದ್ದು ಮಾಡಿಸಿಬಿಟ್ಟ. ಆಮೇಲೆ ನೋಡಿದ್ರೆ ರದ್ದು ಮಾಡೋ ಅಗತ್ಯಾನೇ ಇರಲಿಲ್ಲ, ತಪ್ಪು ನಿರ್ಧಾರ. ಅವತ್ತು ಯಾರೂ ವೇದಿಕೆ ಹತ್ತಿ ನಿನ್ನ ಮೇಲೆ ನಂಬಿಕೆ ಇಡು ಅಂತ ಭಾಷಣ ಮಾಡಲಿಲ್ಲ. ಇರೋಬರೋ ಅಲಾರಂ ಎಲ್ಲಾ ಪಟ್ಟಿ ಮಾಡ್ರಿ, ಯಾವುದಕ್ಕೆ ಏನು ಮಾಡಬೇಕು ಬರೀರಿ ಅಂದ್ರು. ಜ್ಯಾಕ್ ಗಾರ್ಮನ್ ಅನ್ನೋ 24 ವರ್ಷದ ಇನ್ನೊಬ್ಬ ಹುಡುಗ ಕೂತು ಬರೆದ.

1969 ಜುಲೈ 20. ನಿಜವಾದ ಇಳಿಯುವಿಕೆ. ಕೆಳಗೆ ಚಂದ್ರ, ಅಲಾರಂ ಹೊಡೀತು, 1202. ಕಂಪ್ಯೂಟರ್‌ಗೆ ಕೆಲಸ ಜಾಸ್ತಿಯಾಗಿ ಮುಖ್ಯವಲ್ಲದ್ದನ್ನ ಕೈಬಿಡ್ತಾ ಇದೀನಿ ಅಂತ ಅದರ ಅರ್ಥ, ಬಿಡದೇ ಹೊಡೀತಾನೇ ಇದ್ರೆ ಅಪಾಯ, ಆಗಾಗ ಬಂದು ಹೋದ್ರೆ ತೊಂದರೆ ಇಲ್ಲ. ಗಾರ್ಮನ್ ಪಟ್ಟಿ ನೋಡಿದ, ಬೇಲ್ಸ್‌ಗೆ ಹೇಳಿದ, ಬೇಲ್ಸ್ "ಗೋ" ಅಂದ. ಅದೇ ಬೇಲ್ಸ್, ಕೆಲವೇ ದಿನ ಮುಂಚೆ ಗೊತ್ತಾಗದೆ ರದ್ದು ಮಾಡಿಸಿದ್ದವನು. ಆ ಎರಡು ದಿನಗಳ ನಡುವೆ ಅವನ ಎದೆ ಏನೂ ಅಗಲ ಆಗಿರಲಿಲ್ಲ, ಒಂದು ಪಟ್ಟಿ ಜಾಸ್ತಿ ಆಗಿತ್ತು ಅಷ್ಟೇ.

ಇದನ್ನ ರೀಲ್ಸ್ ಮಾಡಕ್ಕಾಗಲ್ಲ ಬಿಡಿ. ಒಬ್ಬ ಕೂತು ಪಟ್ಟಿ ಬರೀತಿರೋದಕ್ಕೆ ಹಿಂದೆ ಎಂಥಾ ಮ್ಯೂಸಿಕ್ ಹಾಕಿದ್ರೂ ರೋಮಾಂಚನ ಆಗಲ್ಲ.

ಸರಿ, ಈಗ ನನ್ನ ಗೆಳೆಯನೊಬ್ಬ (ಅದೇ, ಎಳ್ಕೊಂಡು ಹೋದವನು) ಹೊರಗೆ ಬಂದ ಮೇಲೆ ಹೇಳಿದ್ದು, "ನೀನು ಸುಮ್ನೆ ತಲೆ ಕೆಡಿಸ್ಕೋತೀಯ ಮಾರಾಯ, ಕೆಲವರಿಗೆ ಒಂದು ಕಿಡಿ ಬೇಕಾಗಿರುತ್ತೆ, ಅದು ಸಿಕ್ತಲ್ಲ ಸಾಕು." ನ್ಯಾಯ. ಒಪ್ಪೋಣ. ಹಾಸಿಗೆಯಿಂದ ಏಳಿಸೋಕೆ ಒಂದು ಮಾತು, ಒಂದು ಹಾಡು, ಒಬ್ಬರ ಬೈಗುಳ ಬೇಕಾಗುತ್ತೆ, ನನಗೂ ಬೇಕು. ಆದ್ರೆ ಇವರು ಹಚ್ಚಿದ್ದು ಕಿಡೀನಾ? "ಕಣ್ಮುಚ್ಚಿ, ರಿಸಲ್ಟ್ ಬೋರ್ಡಲ್ಲಿ ನಿಮ್ಮ ಹೆಸರು ನೋಡಿ, ಎಲ್ರೂ ನಿಮಗೆ ಹಾರ ಹಾಕ್ತಿರೋದು ನೋಡಿ" ಅಂತ ಐದು ನಿಮಿಷ ಕೂರಿಸಿದ್ರು ಇವತ್ತು. ಗಾಬ್ರಿಯೆಲೆ ಓಟ್ಟಿಂಗೆನ್ ಅಂತ ಒಬ್ಬ ಮನೋವಿಜ್ಞಾನಿ ಇದಾರೆ, ಈ ಸುಖದ ಕಲ್ಪನೆಯನ್ನೇ ವರ್ಷಾನುಗಟ್ಟಲೆ ಅಳೆದವರು. ಓದು ಮುಗಿಸಿ ಕೆಲಸ ಹುಡುಕ್ತಿದ್ದ ಪದವೀಧರರನ್ನ ಎರಡು ವರ್ಷ ಬಿಟ್ಟು ಮತ್ತೆ ವಿಚಾರಿಸಿದ್ರು, ಅದು 2002ರಲ್ಲಿ ಪ್ರಕಟ ಆಯ್ತು. ಕೆಲಸ ಸಿಕ್ಕಂಗೆ ಜಾಸ್ತಿ ಕನಸು ಕಾಣ್ತಿದ್ದೋರು ಅರ್ಜಿ ಹಾಕಿದ್ದೇ ಕಮ್ಮಿ, ಆಫರ್ ಬಂದದ್ದೂ ಕಮ್ಮಿ, ಸಂಬಳಾನೂ ಕಮ್ಮಿ. ಇನ್ನೊಂದು ವಿಷಯ, ನನ್ನಿಂದ ಆಗುತ್ತೆ ಅಂತ ನಂಬಿದ್ದೋರ ಫಲಿತಾಂಶ ಚೆನ್ನಾಗೇ ಇತ್ತು. ಅಂದ್ರೆ ಹಿಂದೆ ಮಾಡಿದ್ದರ ಮೇಲೆ ನಿಂತ ನಂಬಿಕೆ ಬೇರೆ, ಸುಮ್ನೆ ಹಾರ ಹಾಕಿಸ್ಕೊಂಡ ಕನಸು ಬೇರೆ. ಕನಸಲ್ಲೇ ಗೆದ್ದಾಗ ಮೈ ಸಡಿಲ ಆಗಿಬಿಡುತ್ತೆ, ಆಮೇಲೆ ದುಡಿಯೋರ್ಯಾರು?

ಕಿಡಿ ಅಂತೆ ಕಿಡಿ.

ಅದರ ಬದಲು ಏನು ಮಾಡಬಹುದಿತ್ತು ಗೊತ್ತಾ? ಅದೇ ಐದು ನಿಮಿಷದಲ್ಲಿ ಆ ಮಕ್ಕಳ ಕೈಲಿ ಒಂದು ಹಾಳೆ ಕೊಟ್ಟು, ಪರೀಕ್ಷೆ ಹಾಲಲ್ಲಿ ಏನೇನು ಕೆಡಬಹುದು ಬರೀರಿ ಅನ್ನಬಹುದಿತ್ತು. ಮೊದಲನೇ ಪ್ರಶ್ನೇನೇ ಬರದಿದ್ರೆ? ಪಕ್ಕದವನು ಅಡಿಷನಲ್ ಶೀಟ್ ಕೇಳಿದಾಗ ಎದೆ ಢವಗುಟ್ಟಿದ್ರೆ? ಅರ್ಧ ಸಮಯ ಹೋಗಿ ಕಾಲು ಭಾಗ ಬರೆದಿದ್ರೆ? ಒಂದೊಂದರ ಮುಂದೆಯೂ "ಹೀಗಾದ್ರೆ ನಾನು ಹೀಗೆ ಮಾಡ್ತೀನಿ" ಅಂತ ಒಂದೇ ಒಂದು ಸಾಲು. ಇದು ನನ್ನ ಸ್ವಂತ ಜಾಣತನ ಏನಲ್ಲ, ಪೀಟರ್ ಗೊಲ್ವಿಟ್ಸರ್ ಅನ್ನೋರು ಇದರ ಮೇಲೇ ಇಡೀ ಸಂಶೋಧನೆ ಕಟ್ಟಿದಾರೆ, 2006ರಲ್ಲಿ ಅಂಥ 94 ಪ್ರಯೋಗ ಒಟ್ಟು ಹಾಕಿ ನೋಡಿದಾಗ ಪರಿಣಾಮ ಚೆನ್ನಾಗೇ ಕಂಡಿತ್ತು. ಚೆನ್ನಾಗಿ ಓದ್ತೀನಿ ಅಂತ ಶಪಥ ಮಾಡೋದಕ್ಕೂ, ಊಟ ಆದ ತಕ್ಷಣ ಫೋನ್ ಬೇರೆ ರೂಮಲ್ಲಿಟ್ಟು ಮೊದಲ ಲೆಕ್ಕ ಬಿಡಿಸ್ತೀನಿ ಅಂತ ಬರೆಯೋದಕ್ಕೂ ತುಂಬಾ ವ್ಯತ್ಯಾಸ ಇದೆ. ಎರಡನೇದರಲ್ಲಿ ಆ ಹೊತ್ತಿಗೆ ಯೋಚನೆ ಮಾಡೋ ಕೆಲಸಾನೇ ಇಲ್ಲ, ಮೊದಲೇ ಮುಗಿದಿದೆ. ಸುಸ್ತಾದಾಗ, ಹೆದರಿದಾಗ ಮೊದಲು ಕೈಕೊಡೋದೇ ಈ ಯೋಚನೆ ಅಲ್ವಾ?

"ಬರೀ ಕೆಟ್ಟದ್ದೇ ಯೋಚನೆ ಮಾಡ್ತಾ ಕೂತ್ರೆ ಭಯ ಜಾಸ್ತಿ ಆಗಲ್ವಾ" ಅಂತ ಕೇಳ್ತೀರ. ಕೇಳಿ ಕೇಳಿ. ನಾನು ಹುಟ್ಟಾ ಪುಕ್ಕಲು, ಚಿಂತೆ ಮಾಡೋದರಲ್ಲಿ ನನಗೆ ಯಾರೂ ಸಾಟಿ ಇಲ್ಲ, ರೇಸಿನ ಹಿಂದಿನ ರಾತ್ರಿ ಮೂರು ಸಲ ಎದ್ದು ಶೂ ಲೇಸ್ ನೋಡೋನು, ಹಾಗಾಗಿ ಈ ವಿಷಯದಲ್ಲಿ ನನ್ನ ಮಾತು ನಂಬಬಹುದು. ಚಿಂತೆ ಬಾಯಲ್ಲಿ "ಅಯ್ಯೋ ಹಾಗಾದ್ರೆ?" ಅನ್ನೋದೊಂದೇ ಮಾತು. ಕೇಳಿ ಅಲ್ಲೇ ನಿಂತ್ಕೊಳ್ಳುತ್ತೆ, ಅರ್ಧ ಗಂಟೆ ಬಿಟ್ಟು ಮತ್ತೆ ಬಂದು ಅದನ್ನೇ ಕೇಳುತ್ತೆ. ತಯಾರಿ ಅದನ್ನೇ ಒಂದು ಸಲ ಕೇಳಿ, ಉತ್ತರ ಬರ್ಕೊಂಡು, ಸಾಧ್ಯ ಆದ್ರೆ ಒಂದು ಸಲ ಮಾಡಿ ನೋಡಿ, ಮುಂದಕ್ಕೆ ಹೋಗುತ್ತೆ. ಬರೆದ ಮೇಲೆ ನನ್ನಂಥ ಪುಕ್ಕಲನಿಗೂ ನಿದ್ದೆ ಬರುತ್ತೆ. ಹೆದರಿಕೆ ಹೋಗಲ್ಲ ಸ್ವಾಮೀ, ಅದಕ್ಕೊಂದು ಕೆಲಸ ಸಿಗುತ್ತೆ.

ಇನ್ನೊಂದು ಮಾತು ಇವತ್ತು ಹತ್ತು ಸಲ ಕೇಳಿದೆ. "ಎಲ್ಲಾ ಇರೋದು ಮನಸ್ಸಲ್ಲೇ." ಇಲ್ಲ. ಎಲ್ಲಾ ಮನಸ್ಸಲ್ಲಿಲ್ಲ. ನಾನು ಓಡ್ತೀನಿ, ನಿಮಗೆ ಗೊತ್ತಲ್ಲ, ಭಾನುವಾರ ಬೆಳಿಗ್ಗೆ ನನ್ನ ಬೆವರಿನ ಫೋಟೋ ನೋಡಿ ನೋಡಿ ಅನ್‌ಫಾಲೋ ಮಾಡ್ದೋರೂ ಇದೀರ. ಮ್ಯಾರಥಾನ್ ಅಂದ್ರೆ 42.195 ಕಿಲೋಮೀಟರ್. ಮೂವತ್ತು ಕಿಲೋಮೀಟರ್ ದಾಟಿದ ಮೇಲೆ "ವಾಲ್" ಅಂತಾರೆ, ಕಾಲು ಮರಗಟ್ಟಿ, ತಲೆ ಮಂಕಾಗಿ, ಯಾಕಪ್ಪಾ ಬಂದೆ ಅನ್ನಿಸೋ ಜಾಗ. ಅದು ಮನೋದೌರ್ಬಲ್ಯ ಅಲ್ಲ, ಮಾಂಸಖಂಡದಲ್ಲಿ ಪಿತ್ತಜನಕಾಂಗದಲ್ಲಿ ಕೂಡಿಟ್ಟಿದ್ದ ಗ್ಲೈಕೋಜನ್, ಅಂದ್ರೆ ಮೈಯ ಸಕ್ಕರೆ ದಾಸ್ತಾನು, ಖಾಲಿ ಆಗಿರುತ್ತೆ. ಮೊದಲರ್ಧ ಹುಮ್ಮಸ್ಸಲ್ಲಿ ಜೋರಾಗಿ ಓಡ್ದೋನಿಗೆ ಅದು ಬೇಗ ಖಾಲಿ. ಅಲ್ಲಿ ನಿಂತು "ನನ್ನಿಂದಾಗುತ್ತೆ ನನ್ನಿಂದಾಗುತ್ತೆ" ಅಂತ ಜಪ ಮಾಡಿದ್ರೆ ಗ್ಲೈಕೋಜನ್ ಬರಲ್ಲ. ಮೊದಲರ್ಧದಲ್ಲಿ ಎಲ್ರೂ ನನ್ನನ್ನ ಹಿಂದೆ ಹಾಕ್ಕೊಂಡು ಹೋಗ್ತಿದ್ರೂ ಮುಚ್ಕೊಂಡು ನನ್ನ ಪೇಸಲ್ಲೇ ಓಡೋದು, ಹೊಟ್ಟೆ ಬೇಡ ಬೇಡ ಅಂತಿದ್ರೂ ಹೊತ್ತಿಗೆ ಸರಿಯಾಗಿ ಶಕ್ತಿ ಕೊಡೋ ಸಿಹಿ ಜೆಲ್ ನುಂಗೋದು, ಮನಸ್ಸು ಗಟ್ಟಿ ಮಾಡ್ಕೋಬೇಕಾದ್ದು ಅಲ್ಲಿ. ಅದನ್ನ ನೋಡಿ ಚಪ್ಪಾಳೆ ಹೊಡೆಯೋರು ಯಾರೂ ಇರಲ್ಲ.

ಒಂದು ರೇಸಲ್ಲಿ ನಾನು ಅರ್ಧ ದಾಟಿದ ಮೇಲೆ ಬಿಟ್ಟು ಬಂದೆ, ಇದನ್ನ ಇಲ್ಲಿ ಇಲ್ಲೀವರೆಗೂ ಬರೆದಿರಲಿಲ್ಲ. ಮೊಣಕಾಲು ಹೆಜ್ಜೆ ಹೆಜ್ಜೆಗೂ ಚುಚ್ತಿತ್ತು, ಇಂಥ ನೋವು ಬಂದ್ರೆ ನಿಲ್ತೀನಿ ಅಂತ ನಾನು ಶುರುವಾಗೋಕೆ ಮುಂಚೇನೇ ತೀರ್ಮಾನ ಮಾಡಿದ್ದೆ, ನಿಂತೆ. ಬಸ್ಸಲ್ಲಿ ವಾಪಸ್ ಬರುವಾಗ ಪಕ್ಕದಲ್ಲಿದ್ದೋನು "ಇನ್ನೊಂಚೂರು ಮನಸ್ಸು ಗಟ್ಟಿ ಮಾಡ್ಬೇಕಿತ್ತು ಸಾರ್" ಅಂದ. ಏನ್ ಹೇಳೋದು ಇವನಿಗೆ. ಅವತ್ತು ನಿಂತದ್ದಕ್ಕೆ ನನಗೆ ಇವತ್ತಿಗೂ ಹೆಮ್ಮೆ ಇದೆ, ಮೆಡಲ್ ತಗೊಂಡಿರೋ ಎಷ್ಟೋ ರೇಸಿಗಿಂತ ಜಾಸ್ತಿ ಹೆಮ್ಮೆ.

ವಾಪಸ್ ಬರೋದು ಸೋಲು ಅಂತ ಯಾರು ಹೇಳಿಕೊಟ್ರೋ! ದಕ್ಷಿಣ ಧ್ರುವಕ್ಕೆ ಮೊದಲು ಮುಟ್ಟಿದ ಅಮುಂಡ್ಸೆನ್ ಇದಾನಲ್ಲ, 1911ರ ಸೆಪ್ಟೆಂಬರ್ 8ಕ್ಕೆ ಹೊರಟವನು ಚಳಿ ಮೈನಸ್ 56 ಡಿಗ್ರಿಗೆ ಇಳಿದಾಗ ಧ್ರುವದ ಆಸೆ ಬಿಟ್ಟು ವಾಪಸ್ ಬಂದ. ಅವಸರ ಮಾಡಿ ಬೇಗ ಹೊರಟಿದ್ದ, ವಾಪಸ್ ಬರೋವಾಗ ಇಬ್ಬರನ್ನ ಹಿಂದೆ ಬಿಟ್ಟು ತಾನು ಮುಂದೆ ಓಡಿ ಬಂದ ಅಂತ ಅವನ ತಂಡದ ಯೋಹಾನ್ಸೆನ್ ಎಲ್ಲರೆದುರೇ ಉಗಿದ, ಅಂದ್ರೆ ದೊಡ್ಡ ಮನುಷ್ಯರೂ ನಮ್ಮ ಹಾಗೇ. ಅಕ್ಟೋಬರಲ್ಲಿ ಸಣ್ಣ ತಂಡ ಕಟ್ಕೊಂಡು ಮತ್ತೆ ಹೊರಟ, ಡಿಸೆಂಬರ್ 14ಕ್ಕೆ ಧ್ರುವ. ಅವನ ತಯಾರಿ ನೋಡಿ, ಮೊದಲೇ ದಾರಿಯಲ್ಲಿ ಆಹಾರದ ಡಿಪೋ ಮಾಡಿದ್ದ, ಹಿಮದಲ್ಲಿ ಅದು ತಪ್ಪಿ ಹೋದ್ರೆ ಅಂತ ಡಿಪೋದ ಎರಡೂ ಕಡೆಗೆ ದೂರದವರೆಗೂ ಅಡ್ಡಸಾಲಲ್ಲಿ ಬಾವುಟ ನೆಟ್ಟಿದ್ದ, ದಾರಿ ತಪ್ಪಿದ್ರೂ ಯಾವುದೋ ಒಂದು ಬಾವುಟ ಕಣ್ಣಿಗೆ ಬಿದ್ದೇ ಬೀಳಬೇಕು. ನಾನು ದಾರಿ ತಪ್ಪಲ್ಲ ಅನ್ನೋ ಆತ್ಮವಿಶ್ವಾಸ ಅವನಿಗಿರಲಿಲ್ಲ ನೋಡಿ, ತಪ್ಪೇ ತಪ್ತೀನಿ ಅಂತ ಇಟ್ಕೊಂಡೇ ಬಾವುಟ ನೆಟ್ಟ. ಅದೇ ಹೊತ್ತಲ್ಲಿ ಧ್ರುವಕ್ಕೆ ಹೋಗಿದ್ದ ಬ್ರಿಟನ್ನಿನ ಸ್ಕಾಟ್ 1912ರ ಮಾರ್ಚಲ್ಲಿ ತನ್ನ ದೊಡ್ಡ ಡಿಪೋಗೆ ಇನ್ನು ಹದಿನೆಂಟು ಕಿಲೋಮೀಟರ್ ಇರೋವಾಗ ತೀರಿಹೋದ. ಸ್ಕಾಟ್‌ಗೆ ಮನೋಬಲ ಕಮ್ಮಿ ಇತ್ತಾ? ಅವನ ಜೊತೆಗಿದ್ದೋರಿಗೆ? ಹೇಳಿ ನೋಡೋಣ ಧೈರ್ಯ ಇದ್ರೆ.

ಹಗ್ಗ ಇಲ್ಲದೆ ಅಮೆರಿಕದ ಎಲ್ ಕ್ಯಾಪಿಟನ್ ಅನ್ನೋ ಕಡಿದಾದ ಬಂಡೆ ಹತ್ತಿದ ಅಲೆಕ್ಸ್ ಹಾನಲ್ಡ್ ಕೂಡ 2016ರಲ್ಲಿ ಶುರು ಮಾಡಿ ಸ್ವಲ್ಪ ಹತ್ತಿ ಯಾಕೋ ಸರಿ ಅನ್ನಿಸದೆ ಇಳಿದು ಬಂದಿದ್ದ, ಕ್ಯಾಮೆರಾ ತಂಡ ಕಾದಿತ್ತು, ಆದ್ರೂ ಇಳಿದ. 2017 ಜೂನ್ 3ಕ್ಕೆ ಹತ್ತಿದ, 3 ಗಂಟೆ 56 ನಿಮಿಷ. ಮಧ್ಯೆ ಹಗ್ಗ ಕಟ್ಕೊಂಡು ಅದೇ ಬಂಡೆ ಮೇಲೆ ಅದೇ ಹಿಡಿತಗಳನ್ನ ಮತ್ತೆ ಮತ್ತೆ ಮಾಡಿ, ಡೈರೀಲಿ ಬರ್ಕೊಂಡಿದ್ದ. ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ವಿಷಯ ಹೇಳೋದೇ ಬೇಡ, 2021ರ ಟೋಕಿಯೋದಲ್ಲಿ ಗಾಳಿಯಲ್ಲಿದ್ದಾಗ ತಾನು ಎತ್ತ ತಿರುಗಿದೀನಿ ಅನ್ನೋದೇ ತಿಳೀದಂಗೆ ಆದಾಗ ಟೀಮ್ ಫೈನಲ್ ಮಧ್ಯದಲ್ಲೇ ಹೊರಗೆ ಬಂದಳು. ಸೋಫಾ ಮೇಲೆ ಕೂತ ಜನ ಏನೇನಂದ್ರು ಆಗ! ದುರ್ಬಲೆ, ಹೇಡಿ, ಬಿಟ್ಟೋಡಿದಳು. ಆ ಸ್ಥಿತೀಲಿ ಹಾರಿದ್ರೆ ಕತ್ತು ಮುರಿಯುತ್ತೆ ಕಣ್ರೋ. ಪ್ಯಾರಿಸ್ 2024ರಲ್ಲಿ ಮೂರು ಚಿನ್ನ, ಒಂದು ಬೆಳ್ಳಿ ತಗೊಂಡಳು, ಆಗ ಅದೇ ಜನ "ಮನೋಬಲ ಅಂದ್ರೆ ಇದು" ಅಂತ ಸ್ಟೇಟಸ್ ಹಾಕಿದ್ರು. ಗೆದ್ದ ಮೇಲಲ್ಲದೆ ಇವರ ಕಣ್ಣಿಗೆ ಮನೋಬಲ ಕಾಣೋದೇ ಇಲ್ಲ.

ಹಾಂ, ಒಬ್ಬಂಟಿ ಹೋರಾಟ ಅನ್ನೋದೊಂದಿದೆ. "ನಿನಗೆ ನೀನೇ, ಬೇರೆ ಯಾರೂ ಬರಲ್ಲ." ಕೆನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ 2019ರಲ್ಲಿ ವಿಯೆನ್ನಾದಲ್ಲಿ ಮ್ಯಾರಥಾನ್ ದೂರವನ್ನ 1:59:40ಕ್ಕೆ ಓಡಿದ ಸ್ಲೈಡೂ ಬಂತು ಇವತ್ತು, ಫೋಟೋದಲ್ಲಿ ಅವನೊಬ್ಬನೇ, ಎದೆ ತಟ್ಕೊಂಡು ಗೆರೆ ದಾಟ್ತಿರೋದು. ಸುತ್ತ ಗಾಳಿ ತಡೀತಾ ಪಾಳಿ ಪಾಳಿಲಿ ಓಡಿದ 41 ಜನ ಪೇಸ್‌ಮೇಕರ್ಸ್ ಎಲ್ಲಿ ಹೋದ್ರು? ಅದಕ್ಕೇ ಅಲ್ವಾ ಅದು ಅಧಿಕೃತ ದಾಖಲೆ ಅಂತ ಲೆಕ್ಕಕ್ಕೇ ಬರಲಿಲ್ಲ. ಮುಂದಿನ ವರ್ಷ ಲಂಡನ್‌ನಲ್ಲಿ ಕಿವಿ ಕಟ್ಕೊಂಡಿತ್ತು ಅಂತ ಎಂಟನೇ ಸ್ಥಾನಕ್ಕೆ ಬಂದ, ಅದೇ ಕಾಲು, ಅದೇ ಮನಸ್ಸು. ಇದರಿಂದ ಕಿಪ್ಚೋಗೆ ಏನೂ ಚಿಕ್ಕವನಾಗಲ್ಲ, ನನ್ನ ಪಾಲಿಗಂತೂ ದೇವರು. ಆದ್ರೆ 41 ಜನರನ್ನ ಕತ್ತರಿಸಿ ತೋರಿಸಿದ್ರೆ ರೂಮಲ್ಲಿ ಒಬ್ಬಳೇ ಬಾಗಿಲು ಹಾಕ್ಕೊಂಡು ಓದ್ತಿರೋ ಹುಡುಗಿ ಯಾರ ಹತ್ರಾನೂ ಸಹಾಯ ಕೇಳೋದೇ ಅವಮಾನ ಅಂದ್ಕೋತಾಳೆ.

ಗೆದ್ದ ಮೇಲಿನ ಕಥೆಯನ್ನಂತೂ ಯಾರೂ ಹೇಳಲ್ಲ. ಅದೇ ಫೆಲ್ಪ್ಸ್, 23 ಚಿನ್ನದ ಫೆಲ್ಪ್ಸ್, ಲಂಡನ್ 2012 ಆದ ಮೇಲೆ ಬದುಕೋದೇ ಬೇಡ ಅನ್ನಿಸಿತ್ತು ಅಂತ ಅವನೇ ಬಹಿರಂಗವಾಗಿ ಹೇಳಿದಾನೆ, ಚಿಕಿತ್ಸೆ ತಗೊಂಡಿದಾನೆ. ಅಭಿನವ್ ಬಿಂದ್ರಾ ಕೂಡ ಅದೇ ಬೀಜಿಂಗಲ್ಲಿ ಶೂಟಿಂಗ್ ಚಿನ್ನ ಗೆದ್ದಾದ ಮೇಲೆ ಮುಂದೇನು ಅನ್ನೋ ಖಾಲಿತನ ಕಾಡಿದ್ದರ ಬಗ್ಗೆ ಮುಚ್ಚುಮರೆ ಇಲ್ಲದೆ ಮಾತಾಡಿದಾರೆ. ಇದನ್ನ ಸ್ಲೈಡಲ್ಲಿ ಹಾಕ್ರಪ್ಪಾ. ಮಕ್ಕಳಿಗೆ ಹೆದರಿಕೆ ಆಗುತ್ತೆ ಅಂತೀರಾ? ಒಂದಿನ ರಾತ್ರಿ ಅವರಿಗೂ ಹಾಗನ್ನಿಸಿದಾಗ ಇದು ನನಗೊಬ್ಬಳಿಗೇ ಅಲ್ಲ, ಯಾರಿಗಾದ್ರೂ ಹೇಳಬಹುದು, ಡಾಕ್ಟರ ಹತ್ರ ಹೋಗಬಹುದು ಅಂತ ನೆನಪಾದ್ರೆ ಸಾಕು ನನಗೆ.

ನಿದ್ದೆ ಬಗ್ಗೆ ಬರೀಬೇಕು ಅಂತಿದ್ದೆ, "ನಿದ್ದೆ ಸೋತವರಿಗೆ" ಅಂತ ಒಂದು ಸ್ಲೈಡು ಬಂದಾಗ ನನ್ನ ಬಿಪಿ ಏರಿದ್ದು ನಿಜ. ಓದಿದ್ದು ತಲೇಲಿ ಗಟ್ಟಿಯಾಗಿ ಕೂರೋಕೆ ನಿದ್ದೆ ಬೇಕು ಅಂತ ಅಷ್ಟು ಹೇಳಿ ಬಿಡ್ತೀನಿ, ಅದು ಇನ್ನೊಂದು ಪೋಸ್ಟಿನ ಸಿಟ್ಟು.

ಮೊನ್ನೆ ಯಾರೋ ಇನ್‌ಬಾಕ್ಸಲ್ಲಿ ನನ್ನ "ಕೆಟ್ಟರೆ ಏನು ಮಾಡೋದು" ಪಟ್ಟಿ ಕೇಳಿದ್ರಿ. ತಗೊಳ್ಳಿ. ಲೇಸ್ ಬಿಚ್ಚಿದ್ರೆ ಪಕ್ಕಕ್ಕೆ ಸರಿದು ನಿಂತು ನಿಧಾನಕ್ಕೆ ಕಟ್ಟೋದು, ಕಳೆದ ಸಮಯ ವಾಪಸ್ ತರೋಕೆ ಹೋಗಬಾರದು. ವಾಚ್ ಕೆಟ್ರೆ ಉಸಿರಿನ ಲೆಕ್ಕದಲ್ಲಿ ಓಡೋದು, ಅದಕ್ಕೇ ಆಗಾಗ ವಾಚ್ ಮನೇಲಿಟ್ಟು ಓಡೋ ಅಭ್ಯಾಸ. ಮಳೆ ಬಂದ್ರೆ ಏನೂ ಇಲ್ಲ, ಒದ್ದೆ ಸಾಕ್ಸಲ್ಲಿ ಬೇಕಂತಲೇ ಓಡಿ ಎಲ್ಲೆಲ್ಲಿ ಬೊಬ್ಬೆ ಏಳುತ್ತೆ ಅಂತ ನೋಡಿಟ್ಕೊಂಡಿದೀನಿ. ಹೊಟ್ಟೆ ಕೈಕೊಟ್ರೆ ಯಾವ ಟಾಯ್ಲೆಟ್ ಎಷ್ಟನೇ ಕಿಲೋಮೀಟರಲ್ಲಿದೆ ಅಂತ ಮ್ಯಾಪಲ್ಲಿ ಮೊದಲೇ ನೋಡಿರೋದು, ನಗಬೇಡಿ, ಇಡೀ ಪಟ್ಟಿಯಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ. ಇನ್ನು ಕೊನೇ ಎರಡು ಕಿಲೋಮೀಟರಲ್ಲಿ ನಾನು ಏದುಸಿರು ಬಿಡ್ತಾ ಹೋಗ್ತಿರೋವಾಗ ಹಿಂದಿಂದ ಒಬ್ಬ ಎಪ್ಪತ್ತರ ಅಜ್ಜ ಬಂದು, ಬೆನ್ನು ತಟ್ಟಿ, "ಕಮಾನ್ ಯಂಗ್ ಮ್ಯಾನ್" ಅಂದು ನಗ್ತಾ ಮುಂದಕ್ಕೆ ಹೋಗ್ತಾರಲ್ಲ, ಪ್ರತೀ ರೇಸಲ್ಲೂ ಯಾರೋ ಒಬ್ರು ಇದ್ದೇ ಇರ್ತಾರೆ, ಅದರ ಮುಂದೆ ಮಾತ್ರ ಜಾಗ ಖಾಲಿ ಬಿಟ್ಟಿದೀನಿ. ನಿಮ್ಮ ಹತ್ರ ಏನಾದ್ರೂ ಇದ್ರೆ ಕಾಮೆಂಟಲ್ಲಿ ಹಾಕಿ, "ಪಾಸಿಟಿವ್ ಆಗಿ ತಗೊಳ್ಳಿ ಸಾರ್" ಅನ್ನೋದೊಂದು ಬಿಟ್ಟು.